ಚಿಕ್ಕ ಗುಂಡಿ

ಮಾರ್ಚ್ ತಿಂಗಳು. ಮಹದೇವಪೇಟೆಯ ಇಳಿಜಾರಿನಲ್ಲಿ
ನಗರಸಭೆಯ ನೀರು ಮೂರು ದಿನಕ್ಕೊಮ್ಮೆ,
ಅದೂ ಬೆಳಗಿನ ಜಾವ, ಬಂದೆನೆಂದು ಹೇಳದೆ.
ಚೋಂದಮ್ಮ ಫೋನು ಮಾಡಿದರು: "ಉನೈಸೇ,
ಟ್ಯಾಂಕರ್ ತರಿಸಿ ತುಂಬಿಸಿದ್ದು ಮೊನ್ನೆ,
ಇವತ್ತಾಗಲೇ ತಳ ಕಾಣ್ತಿದೆ.
ಇರುವುದು ಒಬ್ಬಳೇ. ನಾನೇನು ಆನೆ ಸಾಕಿದ್ದೇನಾ?"

ಪೈಪು ನೋಡಿದೆ, ನಲ್ಲಿ ನೋಡಿದೆ,
ಗೋಡೆ ಮುಟ್ಟಿ ನೋಡಿದೆ. ಎಲ್ಲೂ ಪಸೆಯಿಲ್ಲ.
ಕೊನೆಗೆ ಒಂದು ಲೋಟ ಡಿಕಾಕ್ಷನ್ ಕೇಳಿದೆ.
"ಹಾಲು ಹಾಕಲಾ?"
"ಬೇಡ, ಇದು ನನಗಲ್ಲ. ಕಕ್ಕಸಿಗೆ."

ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆದು
ಗಟ್ಟಿ ರೊಬಸ್ಟಾ ಸುರಿದು
ಕಾದೆವು ಇಬ್ಬರೂ ಬಾಗಿಲಲ್ಲಿ,
ಹೆರಿಗೆ ಕೋಣೆಯ ಹೊರಗೆ ಕಾಯುವವರ ಹಾಗೆ.
ಐದು ನಿಮಿಷ. ಯಾರೂ ಏನೂ ಎಳೆದಿಲ್ಲ, ಒತ್ತಿಲ್ಲ.
ಬಿಳಿ ಪಿಂಗಾಣಿಯ ಮೇಲೆ ಕಂದು ಗೆರೆಯೊಂದು ಇಳಿಯಿತು,
ಇರುವೆ ಸಾಲಿನಷ್ಟು ಸಣ್ಣಗೆ,
ಇರುವೆ ಸಾಲಿನಷ್ಟೇ ಬಿಡದೆ.
"ಇಗೋ ನಿಮ್ಮ ಆನೆ," ಎಂದೆ.

ಹಳೇ ಕಾಲದ್ದು. ಒಮ್ಮೆ ಎಳೆದರೆ ಹನ್ನೆರಡು ಲೀಟರ್.
ಒಂದು ಲೋಟದಷ್ಟು ಉಚ್ಚೆಯ ಬೆನ್ನಿಗೆ ಒಂದು ಬಕೆಟ್ ನೀರು,
ಜೇಬುಗಳ್ಳನ ಹಿಂದೆ ಇಡೀ ಠಾಣೆ ಓಡಿದ ಹಾಗೆ.
ಕಿತ್ತು ಹಾಕಿ ಹೊಸದು ಕೂರಿಸಿದೆ, ಎರಡು ಗುಂಡಿಯದು.
ಚಿಕ್ಕದಕ್ಕೆ ಮೂರು, ದೊಡ್ಡದಕ್ಕೆ ಆರು.
ಯಾವುದು ಯಾವಾಗ ಎಂದು ಹೇಳಲು ಬಾಯಿ ತೆರೆದೆ,
ನಾಚಿಕೆಯಾಗಿ ಸ್ಪ್ಯಾನರ್ ಒರೆಸುತ್ತ ನಿಂತೆ.
"ಮೂವತ್ತು ವರ್ಷ ಅಂಗನವಾಡಿ ನಡೆಸಿದವಳಿಗೆ
ಒಂದಕ್ಕೆ, ಎರಡಕ್ಕೆ ನೀನು ಹೇಳಿಕೊಡಬೇಡ ಮಗ."

ಮದರಸದಲ್ಲಿ ಉಸ್ತಾದರು ಹೇಳುತ್ತಿದ್ದರು,
ತುಂಬಿದ ಹೊಳೆಯ ದಂಡೆಯಲ್ಲಿ ಕೂತು ಕೈಕಾಲು ತೊಳೆದರೂ
ಬೇಕಾದಷ್ಟೇ ಮುಟ್ಟು.
ನಾವು ಒಳಗೊಳಗೇ ನಗುತ್ತಿದ್ದೆವು:
ಹೊಳೆಗೆ ಯಾರು ಲೆಕ್ಕ ಇಡುತ್ತಾರೆ?
ಈಗ ನಾನು.

ಅದೇ ರಾತ್ರಿ ಎರಡು ಗಂಟೆಗೆ ಮತ್ತೆ ಫೋನು.
"ಉನೈಸೇ, ತೋಡು ನಿಂತುಹೋಗಿದೆ."
ಯಾವ ತೋಡು? ಆ ಬೀದಿಯಲ್ಲಿ ತೋಡೆಲ್ಲಿ?
"ಮನೆ ಹಿಂದಿನದು. ದಿನಾ ಕೇಳ್ತಿತ್ತು."

ಸ್ಕೂಟರ್ ಹತ್ತಿ ಹೋದೆ. ಚಪ್ಪಲಿ ಮೆಟ್ಟಿ,
ಟಾರ್ಚು ಹಿಡಿದು ಅಂಗಳದಲ್ಲಿ ನಿಂತಿದ್ದರು.
ಕೈಚೀಲದಲ್ಲಿ ಬಿ.ಪಿ. ಮಾತ್ರೆ, ಆಧಾರ್ ಕಾರ್ಡು,
ಬಟ್ಟೆಯಲ್ಲಿ ಸುತ್ತಿದ ಗಂಡನ ಪೀಚೆಕತ್ತಿ.

ಬೆಟ್ಟ ಜಾರಿದ ವರ್ಷ, ಕಾಲೂರಿನ ಆ ಕಡೆ,
ಮೊದಲು ಸುಮ್ಮನಾದದ್ದು ತೋಡಂತೆ.
ಮಳೆ ಹುಯ್ಯುತ್ತಲೇ ಇತ್ತು, ತೋಡಿಗೆ ಮಾತ್ರ ದನಿಯಿಲ್ಲ.
ಮೇಲೆಲ್ಲೋ ಮಣ್ಣು ಅಡ್ಡ ಕೂತು ನೀರು ಹಿಡಿದಿತ್ತು,
ಒಂದು ಗಳಿಗೆ.
ಆಮೇಲೆ
ಎಂದು ನಿಲ್ಲಿಸಿದರು. ನಾನೂ ಕೇಳಲಿಲ್ಲ.

ಈ ಬಾಡಿಗೆ ಮನೆಯಲ್ಲಿ ನಿದ್ದೆ ಹತ್ತಿದ್ದೇ
ಗೋಡೆಯಾಚೆ ನೀರು ಹರಿಯುತ್ತಿದೆ ಎಂಬ ಧೈರ್ಯಕ್ಕೆ.
ಅದು ಸವೆದ ರಬ್ಬರ್ ವಾಷರ್,
ಇಪ್ಪತ್ತು ರೂಪಾಯಿಯದು, ಎಂದು ಹೇಗೆ ಹೇಳಲಿ?

ಹೇಳಿದೆ. ಜಗಲಿಯಲ್ಲಿ ಬಿದ್ದಿದ್ದ ಹಳೇ ಟ್ಯಾಂಕಿನಿಂದ
ವಾಷರ್ ಬಿಡಿಸಿ ಅಂಗೈಯಲ್ಲಿಟ್ಟೆ.
ಟಾರ್ಚಿನ ಬೆಳಕಲ್ಲಿ ತಿರುಗಿಸಿ ತಿರುಗಿಸಿ ನೋಡಿದರು.
"ಹಾಗಾದ್ರೆ ಇಷ್ಟು ದಿನ ನನ್ನ ಕಾವಲಿಗಿದ್ದದ್ದು
ಕಕ್ಕಸೇ?" ಎಂದು ನಕ್ಕರು,
ನಗು ನಿಂತ ಮೇಲೂ ಒಂದಿಷ್ಟು ಹೊತ್ತು
ಟಾರ್ಚು ನಡುಗುತ್ತಿತ್ತು.

ಈಗ ಟ್ಯಾಂಕರ್ ಬೇಕಾಗಿಲ್ಲ. ಮೂರನೇ ದಿನದವರೆಗೂ ನೀರಿದೆ,
ಕೆಳಗಿನ ಮನೆಯ ಬಾಣಂತಿಗೆ ಎರಡು ಕೊಡ ಕೊಟ್ಟರೂ.
ಆದರೆ ಮಲಗುವ ಮುಂಚೆ, ಬೇಕಿರಲಿ ಬಿಡಲಿ,
ಒಮ್ಮೆ ಚಿಕ್ಕ ಗುಂಡಿ ಒತ್ತುತ್ತಾರಂತೆ.
ತುಂಬುವ ಸದ್ದು ನಿಲ್ಲುವುದರೊಳಗೆ ಕಣ್ಣು ಮುಚ್ಚಬೇಕು.

ಮೂರು ಲೀಟರ್.
ಲೆಕ್ಕ ಇಡುವವನು ನಾನು,
ಪೋಲಿನ ಕಡೆ ಬರೆದಿಲ್ಲ.